ಕಂಟ್ರೋಲ್ ಲೈನ್ ಹ್ಯಾಂಡಲ್ ಸೆಟ್: ಇಡೀ ದಿನ ಹಾರಿಸಿ ನೋಡಿದ ಮೇಲೆ

ಕಂಟ್ರೋಲ್ ಲೈನ್ ವಿಮಾನ ಅಂದರೆ ಎರಡು ತಂತಿ (ಲೈನ್) ಹಿಡಿದು ನಮ್ಮ ಸುತ್ತ ವೃತ್ತದಲ್ಲಿ ಹಾರಿಸುವ ಎಂಜಿನ್ ಇರುವ ಮಾಡೆಲ್. ಇದನ್ನು ಹಾರಿಸುವವರು ಎಂಜಿನ್‌ಗೆ ಎಷ್ಟು ಬೇಕಾದರೂ ಖರ್ಚು ಮಾಡುತ್ತಾರೆ. ಹ್ಯಾಂಡಲ್ ವಿಷಯ ಬಂದರೆ ಮಾತ್ರ ಕೈಗೆ ಸಿಕ್ಕಿದ್ದು ಸಾಕು ಅನ್ನುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ಹಾರುವ ಮಾಡೆಲ್‌ಗೂ ನಮಗೂ ನಡುವೆ ಇರುವುದು ಎರಡು ತಂತಿ, ಒಂದು ಹಿಡಿ, ಅಷ್ಟೇ. ರೇಡಿಯೋ ಇಲ್ಲ, ಸರ್ವೋ ಮೋಟಾರ್ ಇಲ್ಲ. ಮಣಿಕಟ್ಟು ಹಿಂದಕ್ಕೆ ಬಾಗಿಸಿದರೆ ಮೇಲಿನ ಲೈನ್ ಎಳೆಯುತ್ತದೆ, ಮಾಡೆಲ್‌ನಲ್ಲಿರುವ ಬೆಲ್‌ಕ್ರ್ಯಾಂಕ್ ಅನ್ನುವ ಸನ್ನೆ ತಿರುಗುತ್ತದೆ, ಅದಕ್ಕೆ ಸೇರಿಸಿದ ಕಡ್ಡಿ, ಅಂದರೆ ಪುಶ್‌ರಾಡ್, ಬಾಲದ ಆಡುವ ಪಟ್ಟಿಯಾದ ಎಲಿವೇಟರನ್ನು ಎತ್ತುತ್ತದೆ, ಮೂಗು ಮೇಲೇಳುತ್ತದೆ. ಈ ಸರಪಳಿಯಲ್ಲಿ ನಾವು ಮುಟ್ಟುವ ಒಂದೇ ಕೊಂಡಿ ಹ್ಯಾಂಡಲ್.

ನಾನು ತರಿಸಿದ ಸೆಟ್‌ನಲ್ಲಿ ಇರುವುದು ಮೂರು ವಸ್ತು. ಮರದ ಹಿಡಿ ಇರುವ ಅಲ್ಯೂಮಿನಿಯಂ ಹ್ಯಾಂಡಲ್, 60 ಅಡಿಯ ಒಂದು ಜೊತೆ ಸ್ಟೀಲ್ ಲೈನ್, ಲೈನ್ ಸುತ್ತಿಡಲು ಒಂದು ರೀಲ್. ಲೈನ್ 0.015 ಇಂಚು ದಪ್ಪ, ಅಂದರೆ ಸುಮಾರು 0.38 ಮಿಲಿಮೀಟರ್, ಏಳು ಎಳೆ ಹೊಸೆದದ್ದು. ಕ್ಲಬ್ಬಿನ ಗೆಳೆಯರೆಲ್ಲ ಮೈದಾನದಲ್ಲಿ ಸೇರುವ ದಿನಕ್ಕೆ ಇದನ್ನು ಎತ್ತಿಟ್ಟಿದ್ದೆ. ಒಬ್ಬನ ಕೈಗೆ ಒಗ್ಗಿದ್ದು ಇನ್ನೊಬ್ಬನ ಕೈಗೆ ಒಗ್ಗುವುದಿಲ್ಲ, ಬೇರೆ ಬೇರೆ ಕೈಗಳಲ್ಲಿ ನೋಡಿದರೆ ತಾನೇ ಗೊತ್ತಾಗುವುದು.

ಮೊದಲು ಲೈನ್. ಎರಡನ್ನೂ ಹುಲ್ಲಿನ ಮೇಲೆ ಉದ್ದಕ್ಕೆ ಹಾಸಿ, ಹತ್ತಿಯ ಉಂಡೆಯೊಂದನ್ನು ಈ ತುದಿಯಿಂದ ಆ ತುದಿಗೆ ಸವರಿಕೊಂಡು ಹೋದೆ. ಎಲ್ಲಾದರೂ ಒಂದು ಎಳೆ ಕಡಿದಿದ್ದರೆ ಹತ್ತಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕಣ್ಣಿಗೆ ಬೀಳದ್ದು ಹತ್ತಿಗೆ ಸಿಗುತ್ತದೆ. ಎಲ್ಲೂ ಸಿಕ್ಕಲಿಲ್ಲ. ತುದಿಗಳನ್ನು ಸಣ್ಣ ಲೋಹದ ಬಳೆಯ ಸುತ್ತ ಬಳಸಿ, ಮೇಲೆ ತೆಳುವಾದ ತಾಮ್ರದ ತಂತಿಯಿಂದ ಬಿಗಿಯಾಗಿ ಸುತ್ತಿದ್ದಾರೆ. ಸುತ್ತು ಒತ್ತೊತ್ತಾಗಿದೆ, ತುದಿ ಹೊರಗೆ ಚುಚ್ಚುತ್ತಿಲ್ಲ. ಕೆಲಸ ಗೊತ್ತಿರುವವರ ಕೈ ಇದು.

ಆಮೇಲೆ ಎಳೆದು ನೋಡುವ ಪರೀಕ್ಷೆ. ನನ್ನ ಸ್ಟಂಟ್ (ಕಸರತ್ತಿನ) ಮಾಡೆಲ್ 1.2 ಕಿಲೋ ಇದೆ. ಒಂದು ಸುತ್ತಿಗೆ ಸುಮಾರು 5 ಸೆಕೆಂಡ್ ತೆಗೆದುಕೊಳ್ಳುತ್ತದೆ. ತೋಳಿನ ಉದ್ದವೂ ಸೇರಿ ವೃತ್ತದ ತ್ರಿಜ್ಯ 20 ಮೀಟರ್ ಅಂದುಕೊಂಡರೆ, ವೇಗ ಗಂಟೆಗೆ 90 ಕಿಲೋಮೀಟರ್ ಆಗುತ್ತದೆ. ಸುಮ್ನೆ ನೇರಕ್ಕೆ ಸುತ್ತುವಾಗಲೇ ಕೈ ಮೇಲೆ 4 ಕಿಲೋ ಹತ್ತಿರದ ಎಳೆತ ಬೀಳುತ್ತದೆ. ಗಾಳಿಯಲ್ಲಿ ಲೂಪ್ (ಮೇಲಕ್ಕೆ ಎದ್ದು ಸುತ್ತಿ ಬರುವ ಪಲ್ಟಿ) ಹೊಡೆದರೆ ಇನ್ನೂ ಜಾಸ್ತಿ. ಅದಕ್ಕೇ ಮಾಡೆಲ್ ತೂಕದ ಹತ್ತು ಪಟ್ಟು ಎಳೆದು ನೋಡುವುದು. ಗೆಳೆಯನೊಬ್ಬ ಮಾಡೆಲ್ ಹಿಡಿದುಕೊಂಡ, ನಾನು ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ 12 ಕಿಲೋ ಬರುವ ತನಕ ಎಳೆದೆ. ಲೈನ್, ಕ್ಲಿಪ್, ಹ್ಯಾಂಡಲ್ ಯಾವುದೂ ಜಗ್ಗಲಿಲ್ಲ.

ಇನ್ನು ಹ್ಯಾಂಡಲ್. ಎರಡು ಲೈನ್ ನಡುವಿನ ಅಂತರವನ್ನು ಇದರಲ್ಲಿ ಹೆಚ್ಚು ಕಡಿಮೆ ಮಾಡಬಹುದು. ಅಂತರ ಹೆಚ್ಚಾದರೆ ಕೈ ಸ್ವಲ್ಪ ಆಡಿದರೂ ಎಲಿವೇಟರ್ ಜಾಸ್ತಿ ತಿರುಗುತ್ತದೆ, ಕಡಿಮೆಯಾದರೆ ಮಾಡೆಲ್ ಸಮಾಧಾನವಾಗುತ್ತದೆ. ಇದರ ಬೆಲೆ ಗೊತ್ತಾಗಿದ್ದು ಗೆಳೆಯನ ಪ್ರೊಫೈಲ್ ಮಾಡೆಲ್ (ಮೈ ಚಪ್ಪಟೆ ಹಲಗೆಯಂತಿರುವ ಮಾಡೆಲ್) ಹಾರಿಸಿದಾಗ. ಅವನು ಪುಶ್‌ರಾಡನ್ನು ಎಲಿವೇಟರ್ ಹಾರ್ನ್‌ನ (ಎಲಿವೇಟರ್‌ಗೆ ಜೋಡಿಸಿದ ಪುಟ್ಟ ತೋಳಿನ) ತೀರಾ ಒಳಗಿನ ತೂತಿಗೆ ಹಾಕಿದ್ದ, ಅದರಿಂದ ಎಲಿವೇಟರ್ ಬೇಕಾದ್ದಕ್ಕಿಂತ ಜಾಸ್ತಿ ತಿರುಗುತ್ತಿತ್ತು. ಹಾಗಾಗಿ ಮಾಡೆಲ್ ನೇರಕ್ಕೆ ಹಾರುವಾಗಲೂ ಏಳುತ್ತಾ ಬೀಳುತ್ತಾ ಹೋಗುತ್ತಿತ್ತು. ಮಾಡೆಲ್ ಬಿಚ್ಚುವ ಗೋಜಿಗೆ ಹೋಗದೆ ಹ್ಯಾಂಡಲ್‌ನಲ್ಲಿ ಎರಡು ಸ್ಕ್ರೂ ಸಡಿಲಿಸಿ ಅಂತರ ಇಳಿಸಿದೆವು. ಮುಂದಿನ ಹಾರಾಟದಲ್ಲಿ ಅದೇ ಮಾಡೆಲ್ ತಲೆ ಎತ್ತರದಲ್ಲಿ ಗೆರೆ ಎಳೆದ ಹಾಗೆ ಸುತ್ತಿತು. ಗೆಳೆಯ ಹ್ಯಾಂಡಲ್ ವಾಪಸ್ ಕೊಡಲು ಒಪ್ಪಲೇ ಇಲ್ಲ, ಟ್ಯಾಂಕ್ ಮತ್ತೆ ತುಂಬಿಸಿ ತಾನೇ ಹಾರಿಸಿದ.

ನ್ಯೂಟ್ರಲ್ ಸರಿಪಡಿಸುವ ಸ್ಕ್ರೂ ಬೇರೆ ಇದೆ. ಎಲಿವೇಟರ್ ನೆಟ್ಟಗಿರುವಾಗ ಮಣಿಕಟ್ಟು ಯಾವ ಕೋನದಲ್ಲಿ ಇರಬೇಕು ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. ಇದು ಎಲ್ಲರಿಗೂ ಹೊಂದಿತು, ಎಡಗೈಯಲ್ಲಿ ಹಾರಿಸುವವನಿಗೂ.

ಸಾಲು ಸಾಲು ಲೂಪ್ ಹೊಡೆದಾಗ ಒಂದೊಂದು ಲೂಪ್‌ಗೂ ಲೈನ್‌ಗಳು ಒಂದಕ್ಕೊಂದು ಒಂದು ಸುತ್ತು ಹೊಸೆದುಕೊಳ್ಳುತ್ತವೆ. ಹಾಗೆ ಹೊಸೆದ ಮೇಲೂ ಇವು ಒಂದರ ಮೇಲೊಂದು ಜಾರಿದವು, ಕೈಗೆ ತಡೆ ಅನ್ನಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಕ್ಸಾಸ್ಟ್‌ನಿಂದ ಬರುವ ಹರಳೆಣ್ಣೆಯ ಜಿಡ್ಡಿಗೆ ಧೂಳು ಮೆತ್ತಿ ಸ್ವಲ್ಪ ಅಂಟು ಶುರುವಾಯಿತು. ಒಣ ಬಟ್ಟೆಯಲ್ಲಿ ಒರೆಸಿದ ಮೇಲೆ ಸರಿಹೋಯಿತು.

ರೀಲ್ ಮಾತ್ರ ನನಗೆ ಇಷ್ಟವಾಗಲಿಲ್ಲ. ತೀರಾ ಚಿಕ್ಕದು. ಸ್ಟೀಲ್ ಲೈನನ್ನು ಇಷ್ಟು ಚಿಕ್ಕ ಸುತ್ತಿಗೆ ಸುತ್ತಿಟ್ಟರೆ ಅದೇ ಸುರುಳಿ ಲೈನ್‌ಗೆ ಅಭ್ಯಾಸವಾಗುತ್ತದೆ, ಬಿಚ್ಚುವಾಗ ಗಂಟು ಬೀಳುತ್ತದೆ. ಒಂದು ಸಲ ಕಿಂಕ್ ಆದ, ಅಂದರೆ ಮಡಚಿಕೊಂಡ, ಲೈನನ್ನು ಎಸೆಯುವುದೇ ಸರಿ, ನೆಟ್ಟಗೆ ಮಾಡಿದರೂ ಆ ಜಾಗ ದುರ್ಬಲವೇ. ನಾನು ಈ ರೀಲನ್ನು ಬದಿಗಿಟ್ಟು ನನ್ನ ಹಳೆಯ ದೊಡ್ಡ ರೀಲ್‌ಗೇ ಸುತ್ತಿದೆ.

ಇನ್ನೊಂದು ದೂರು ಗಂಭೀರವಾದದ್ದು. ಮಣಿಕಟ್ಟಿಗೆ ಕಟ್ಟಿಕೊಳ್ಳುವ ಸೇಫ್ಟಿ ಪಟ್ಟಿ ಸೆಟ್‌ನಲ್ಲಿ ಇಲ್ಲ. ಅದನ್ನು ಸಿಕ್ಕಿಸಲು ತೂತು ಕೊಟ್ಟಿದ್ದಾರೆ, ಪಟ್ಟಿ ಕೊಟ್ಟಿಲ್ಲ. ಇದು ಬೇಕಾದರೆ ಇರಲಿ ಅನ್ನುವ ವಸ್ತುವಲ್ಲ. ಹ್ಯಾಂಡಲ್ ಕೈ ಜಾರಿದರೆ ಎಂಜಿನ್ ಓಡುತ್ತಿರುವ ಮಾಡೆಲ್ ಜನರ ಕಡೆಗೆ ಹೋಗಬಹುದು. ಜೊತೆಗಿರುವ ಹಾಳೆಯಲ್ಲಿ ಕರೆಂಟ್ ತಂತಿಯ ಎಚ್ಚರಿಕೆಯೂ ಇಲ್ಲ. 60 ಅಡಿ ಸ್ಟೀಲ್ ತಂತಿ ಕೈಯಲ್ಲಿ ಹಿಡಿದು ಹಾರಿಸುವ ಹವ್ಯಾಸ ಇದು, ಹತ್ತಿರದಲ್ಲಿ ಕರೆಂಟ್ ಲೈನ್ ಇದ್ದರೆ ಪ್ರಾಣಕ್ಕೇ ಅಪಾಯ. ಆಕಾಶದಲ್ಲಿ ಗುಡುಗು ಕೇಳಿಸಿದರೂ ಲೈನ್ ಕೆಳಗಿಡಬೇಕು. ಹೊಸಬರು ಕೊಳ್ಳುವ ಸೆಟ್‌ನಲ್ಲಿ ಇದನ್ನು ದೊಡ್ಡ ಅಕ್ಷರದಲ್ಲಿ ಬರೆಯಲೇಬೇಕು ಅಲ್ವಾ?

ಕಲಿಯುವವರಿಗೆ ನನ್ನ ಸಲಹೆ: ಅಂತರವನ್ನು ಅತಿ ಕಡಿಮೆಗೆ ಇಟ್ಟು ಶುರು ಮಾಡಿ. ಮಣಿಕಟ್ಟು ಆಡಿಸಬೇಡಿ, ಇಡೀ ತೋಳನ್ನು ಎತ್ತಿ ಇಳಿಸಿ. ಕಣ್ಣು ಮಾಡೆಲ್ ಮೇಲೇ ಇರಲಿ, ಹಿಂದಿನ ಮರಗಳನ್ನು ನೋಡಿದರೆ ತಲೆ ಸುತ್ತುತ್ತದೆ. ಆ ದಿನ ಕ್ಲಬ್ಬಿನ ಹೊಸ ಹುಡುಗಿಯೊಬ್ಬಳು ಹೀಗೇ ಇದೇ ಹ್ಯಾಂಡಲ್‌ನಲ್ಲಿ ಟ್ಯಾಂಕ್ ಖಾಲಿಯಾಗುವ ತನಕ ಹಾರಿಸಿ, ಎಂಜಿನ್ ನಿಂತ ಮೇಲೆ ಮೆಲ್ಲಗೆ ಇಳಿಸಿದಳು.

ಐದಕ್ಕೆ ನಾಲ್ಕು ಕೊಡುತ್ತೇನೆ. ಹ್ಯಾಂಡಲ್ ಮತ್ತು ಲೈನ್ ಧಾರಾಳವಾಗಿ ಕೊಳ್ಳಿ, ಜೊತೆಗೆ ದೊಡ್ಡ ರೀಲ್ ಮತ್ತು ಗಟ್ಟಿ ಪಟ್ಟಿ ಬೇರೆ ತೆಗೆದುಕೊಳ್ಳಿ. ಪಟ್ಟಿ ಬರುವ ತನಕ ಹಾರಿಸಬೇಡಿ.