ಆರು ವರ್ಷದಿಂದ ‘64ಅರ್’ ಜೊತೆ: ಓದಿದ್ದು ಕಮ್ಮಿ, ಟೈಪ್ ಮಾಡಿದ್ದೇ ಜಾಸ್ತಿ

ಮ್ಯೂನಿಕ್‌ಗೆ ಬಂದ ಮೇಲೆ ಹಳೇ ಸಾಮಾನಿನ ಸಂತೆಯಲ್ಲಿ ಒಂದು ಕಮೋಡೋರ್ 64 ಸಿಕ್ಕಿತು, ಎಂಬತ್ತರ ದಶಕದ ಮನೆಬಳಕೆ ಕಂಪ್ಯೂಟರ್. ಅದರ ಜೊತೆಗೆ ರಟ್ಟಿನ ಪೆಟ್ಟಿಗೆ ತುಂಬಾ ಅದಕ್ಕೆಂದೇ ಬರುತ್ತಿದ್ದ ಜರ್ಮನ್ ಪತ್ರಿಕೆ ‘64ಅರ್’. ಕಂಪ್ಯೂಟರ್‌ಗಿಂತ ಆ ಪೆಟ್ಟಿಗೆಯೇ ನನ್ನ ಭಾನುವಾರಗಳನ್ನು ಜಾಸ್ತಿ ತಿಂದಿದೆ.

ಪ್ರಕಾಶಕರು ಮಾರ್ಕ್ಟ್ & ಟೆಕ್ನಿಕ್. ಇಲ್ಲೇ ಪಕ್ಕದ ಹಾರ್ ಊರಿನವರು. ಈ ಪತ್ರಿಕೆ ಶುರುವಾಗಿದ್ದು 1984ರಲ್ಲಿ. ‘ಹ್ಯಾಪಿ ಕಂಪ್ಯೂಟರ್’ ಪತ್ರಿಕೆ ಕೂಡ ಅವರದ್ದೇ. ಜಿಯೋಸ್ ಅನ್ನುವ ಆಪರೇಟಿಂಗ್ ಸಿಸ್ಟಂನ ಜರ್ಮನ್ ಆವೃತ್ತಿಯನ್ನೂ ಅವರೇ ಮಾರಿದರು. 64 ಕೆಬಿ ಮೆಮೊರಿಯಲ್ಲಿ ಕಿಟಕಿ, ಐಕಾನ್ ಎಲ್ಲಾ! ಆದರೆ 1541 ಫ್ಲಾಪಿ ಡ್ರೈವ್ ಓದುವ ವೇಗಕ್ಕೆ ಒಂದು ಕಪ್ ಕಾಫಿ ಮಾಡಿಕೊಂಡು ಬರಬಹುದು.

ನನಗೆ ಹಿಡಿಸಿದ್ದು ಲಿಸ್ಟಿಂಗ್‌ಗಳು. ಪ್ರೋಗ್ರಾಂ ಪೂರ್ತಿ ಅಚ್ಚಾಗಿರುತ್ತದೆ, ನಾವೇ ಕೂತು ಟೈಪ್ ಮಾಡಬೇಕು. ಬೇಸಿಕ್ ಭಾಷೆಯ ಪ್ರೋಗ್ರಾಂ ಆದರೆ ಪ್ರತಿ ಸಾಲಿನ ಕೊನೆಯಲ್ಲಿ <097> ಥರ ಒಂದು ಸಂಖ್ಯೆ. ಅದನ್ನು ಟೈಪ್ ಮಾಡುವಂತಿಲ್ಲ (ಮೊದಲ ದಿನ ನಾನು ಮಾಡಿದ್ದೆ). ತಪ್ಪು ಹಿಡಿಯುವ ‘ಚೆಕ್‌ಸಮ್ಮರ್’ ಪ್ರೋಗ್ರಾಂ ಹಾಕಿಕೊಂಡಿದ್ದರೆ ರಿಟರ್ನ್ ಒತ್ತಿದ ಕೂಡಲೇ ಪರದೆಯಲ್ಲಿ ಒಂದು ಸಂಖ್ಯೆ ಬರುತ್ತದೆ. ಎರಡೂ ಒಂದೇ ಆದರೆ ಸಾಲು ಸರಿ. ಮಷೀನ್ ಕೋಡ್‌ಗೆ, ಅಂದರೆ ಪ್ರೊಸೆಸರ್ ನೇರವಾಗಿ ನಡೆಸುವ ಸಂಕೇತಗಳಿಗೆ, ‘ಎಂಎಸ್‌ಇ’ ಅಂತ ಇನ್ನೊಂದಿದೆ. ಸಾಲಿಗೆ ಎಂಟು ಬೈಟ್, ಕೊನೆಗೆ ತಾಳೆ ನೋಡುವ ಸಂಖ್ಯೆ. ತಪ್ಪಿದ್ದರೆ ಮುಂದಕ್ಕೆ ಬಿಡುವುದೇ ಇಲ್ಲ. 8 ಯಾವುದು, ಬಿ ಯಾವುದು ಅಂತ ಕಣ್ಣು ಕಿರಿದು ಮಾಡಿ ನೋಡಿದ್ದಕ್ಕೆ ಲೆಕ್ಕವಿಲ್ಲ.

ಚೆಕ್‌ಸಮ್ಮರ್ ನೋಡುವುದು ಆಯಾ ಸಾಲನ್ನು ಮಾತ್ರ. ಒಮ್ಮೆ ಒಂದಿಡೀ ಸಾಲನ್ನೇ ಹಾರಿಸಿಬಿಟ್ಟಿದ್ದೆ. ಸಂಖ್ಯೆ ಎಲ್ಲಾ ತಾಳೆ. ರನ್ ಕೊಟ್ಟರೆ ‘ಅನ್‌ಡೆಫ್ಡ್ ಸ್ಟೇಟ್‌ಮೆಂಟ್ ಎರರ್’. ಇಲ್ಲದ ಸಾಲಿಗೆ ಹೋಗು ಅಂದರೆ ಅದಾದರೂ ಎಲ್ಲಿಗೆ ಹೋಗಬೇಕು, ಅಲ್ವಾ? ಕಂಡುಹಿಡಿಯಲು ಒಂದು ಗಂಟೆ ಬೇಕಾಯಿತು. ‘ಇಂಥ ಸಾಲಿಗೆ ಹೋಗು’ ಅನ್ನುವ ಗೋಟೂ ಆಜ್ಞೆ ನನಗೆ ನೆಟ್ಟಗೆ ಅರ್ಥವಾಗಿದ್ದು ಆವತ್ತೇ.

ಕೊಳ್ಳುವವರಿಗೆ ಒಂದು ಮಾತು. ಪತ್ರಿಕೆ ತೆಗೆದುಕೊಳ್ಳಿ, ಹಳೇ ಡಿಸ್ಕ್‌ಗೆ ಜಾಸ್ತಿ ದುಡ್ಡು ಕೊಡಬೇಡಿ. ಅದೇ ಸಂತೆಯಲ್ಲಿ ತಂದ ಐದರಲ್ಲಿ ಎರಡು ಓದಲೇ ಇಲ್ಲ. ಕಾಗದ ಮಾತ್ರ ಹಳದಿಯಾಗಿದ್ದರೂ ಗಟ್ಟಿಯಾಗಿದೆ. ಜರ್ಮನ್ ಅರ್ಧಂಬರ್ಧ ಬಂದರೂ ಸಾಕು.

ಒಂದು ಸಂಚಿಕೆಯಲ್ಲಿ ಹಿಂದಿನ ಯಾರೋ ಪ್ರತಿ ಸಾಲಿಗೂ ಪೆನ್ಸಿಲ್‌ನಲ್ಲಿ ಟಿಕ್ ಹಾಕಿದ್ದಾರೆ. ಎರಡನೇ ಪುಟದ ನಡುವೆ ಟಿಕ್ ನಿಂತುಹೋಗಿದೆ. ಊಟಕ್ಕೆ ಕರೆದಿರಬೇಕು. ನಾನು ಮೊದಲಿಂದ ಟೈಪ್ ಮಾಡಿ ಮುಗಿಸಿದೆ. ಹಾವಿನ ಆಟ. ಸುಮಾರಾಗಿದೆ.