ಎರಡು ಸೀಸನ್ ಟೊಮ್ಯಾಟೊ ಆ್ಯಪ್‌ಗೆ ಹಾಕಿದ ಮೇಲೆ

ಕೋಲಾರದ ಹತ್ತಿರ ನಮ್ಮದು ಒಂದೂವರೆ ಎಕರೆ ಟೊಮ್ಯಾಟೊ. ರೈತರಿಂದ ನೇರ ಕೊಂಡು ಬೆಂಗಳೂರಿನ ಅಂಗಡಿಗಳಿಗೆ ಕೊಡುವ ಆ್ಯಪ್ ಒಂದಕ್ಕೆ ಎರಡು ಸೀಸನ್‌ನಿಂದ ಮಾಲು ಹಾಕುತ್ತಿದ್ದೇನೆ. ಹೆಸರು ಬೇಡ ಬಿಡಿ.

ರಾತ್ರಿ ಎಂಟಕ್ಕೆ ಮೊಬೈಲ್ ಟಿಂಗ್ ಅನ್ನುತ್ತದೆ. ನಾಳೆಯ ರೇಟು, ಎಷ್ಟು ಕೆಜಿ ಬೇಕು, ಎರಡೂ ಅದರಲ್ಲೇ. ಊಟದ ತಟ್ಟೆ ಮುಂದೆಯೇ ಹೆಂಡತಿ ಅದನ್ನು ಓದಿ, ಕೂಲಿಗೆ ಎರಡಾಳು ಸಾಕಾ ನಾಲ್ಕು ಬೇಕಾ ಅಂತ ಲೆಕ್ಕ ಹಾಕಿ ಫೋನ್ ಮಾಡುತ್ತಾಳೆ. ಮಂಡಿಗೆ ಹಾಕುವಾಗ ಈ ಸುಖ ಇರಲಿಲ್ಲ. ಕಿತ್ತು, 15 ಕೆಜಿ ಬಾಕ್ಸಿಗೆ ತುಂಬಿ, ಟೆಂಪೋದಲ್ಲಿ ಎಪಿಎಂಸಿಗೆ ಹೋಗಿ, ಹರಾಜು ಕೂಗುವವರೆಗೂ ರೇಟು ದೇವರಿಗೇ ಗೊತ್ತು. 2023ರ ಜುಲೈನಲ್ಲಿ ಬಾಕ್ಸು 2000 ರೂಪಾಯಿ ದಾಟಿತ್ತು. ಆಗ ನಮ್ಮ ಹೊಲದಲ್ಲಿ ಕೋಸಿತ್ತು, ಅದು ನಮ್ಮ ಹಣೆಬರಹ.

ತೂಕವೂ ಚೆನ್ನ. ತಕ್ಕಡಿ ಮೇಲೆ ಬಂದ ನಂಬರು ಆಗಲೇ ನನ್ನ ಫೋನಿಗೂ ಬರುತ್ತದೆ. ಮಂಡಿಯ ಹಾಗೆ ಬಿಲ್ಲಿನ ಬದಲು ಬಿಳಿ ಚೀಟಿಯಲ್ಲಿ ಬರೆದು ಕೊಡುವುದಿಲ್ಲ, ಕಮಿಷನ್ ಹಿಡಿಯುವುದಿಲ್ಲ. ರೈತರ ಹತ್ತಿರ ಕಮಿಷನ್ ತಗೊಳ್ಳಬಾರದು ಅಂತ ಕಾನೂನೇ ಇದೆ, ಇದ್ದು ಏನು ಮಾಡುವುದು.

ಆದರೆ ಗ್ರೇಡಿಂಗ್! ಹೋದ ಮಳೆಗಾಲದಲ್ಲಿ ಒಂದು ದಿನ 18 ಬಾಕ್ಸಲ್ಲಿ ಐದು ರಿಜೆಕ್ಟ್. ಸೀಳು ಬಿಟ್ಟಿದ್ದು, ಊಜಿ ಹುಳ ತೂತು ಹಾಕಿದ್ದು ಬೇಡ ಅಂದರೆ ಒಪ್ಪುತ್ತೇನೆ. ಸ್ವಲ್ಪ ಸಣ್ಣಗಿದೆ ಅಂತ ಒಳ್ಳೆ ಕೆಂಪು ಹಣ್ಣನ್ನೂ ಪಕ್ಕಕ್ಕೆ ಇಟ್ಟರು. ‘ಇದರಲ್ಲಿ ಏನಪ್ಪಾ ಐಬು?’ ಅಂದೆ. ‘ಆ್ಯಪಲ್ಲಿ ಕಂಪ್ಲೇಂಟ್ ಹಾಕಿ ಅಣ್ಣಾ’ ಅಂದ ಗ್ರೇಡಿಂಗ್ ಮಾಡುವ ಹುಡುಗ. ಹಾಕಿದೆ. ಮೂರನೇ ದಿನ ‘ನಿಮ್ಮ ದೂರು ಬಗೆಹರಿದಿದೆ’ ಅಂತ ಮೆಸೇಜು. ಹಣ್ಣು ಅಷ್ಟೊತ್ತಿಗೆ ತಿಪ್ಪೆ ಸೇರಿತ್ತು. ಐದು ಬಾಕ್ಸನ್ನು ಮಂಡಿಗೆ ಒಯ್ದರೆ ಟೆಂಪೋ ಬಾಡಿಗೆಯೂ ಹುಟ್ಟುವುದಿಲ್ಲ.

ಮಂಡಿಯವರ ಹತ್ತಿರ ಜಗಳ ಆಡಬಹುದು, ಅಲ್ವಾ? ಟೀ ಕುಡಿಸಿ, ಸಣ್ಣ ಹಣ್ಣಿಗೂ ಒಂದು ರೇಟು ಹಚ್ಚುತ್ತಾರೆ. ನಾಟಿಗೆ ದುಡ್ಡು ಬೇಕು ಅಂದರೆ ಕೊಡುತ್ತಾರೆ. ಆ್ಯಪ್ ಕೊಡುತ್ತಾ?

ಈಗ ದಪ್ಪ ಹಣ್ಣು ಆ್ಯಪ್‌ಗೆ, ಮಿಕ್ಕಿದ್ದು ಮಂಡಿಗೆ. ‘ಏನಣ್ಣಾ, ಆನ್‌ಲೈನ್ ಬಿಟ್ಟಿದ್ದು ನಮಗಾ?’ ಅಂತ ಮಂಡಿಯವರು ನಗುತ್ತಾರೆ.

ಮೂರು ಸ್ಟಾರ್. ರಿಜೆಕ್ಟ್ ಆದ ಹಣ್ಣಿನ ಫೋಟೋ ತೆಗೆದು, ಯಾಕೆ ಅಂತ ಅಲ್ಲೇ ಬರೆದು ಕಳಿಸಿದರೆ ಇನ್ನೊಂದು ಸೇರಿಸುತ್ತೇನೆ.