ಸವಿಯಲು ಕೊಟ್ಟದ್ದೊಂದು, ಪೆಟ್ಟಿಗೆಯಲ್ಲಿ ಬಂದದ್ದೊಂದು

ಕೊಕ್ಕೊ ಬೀಜವನ್ನು ತಾವೇ ಹುರಿದು, ಅರೆದು ಚಾಕೊಲೇಟ್ ಮಾಡುತ್ತೇವೆ ಎನ್ನುವ ಸಣ್ಣ ತಯಾರಕರು ಬೆಂಗಳೂರಿನಲ್ಲಿ ಈಗ ಹಲವರಿದ್ದಾರೆ. ಅಕ್ಕನ ಮಗಳ ನಿಶ್ಚಿತಾರ್ಥಕ್ಕೆ ಬಂದವರಿಗೆ ಕೊಡಲೆಂದು ಅಂಥವರೊಬ್ಬರಿಂದ 120 ಪೆಟ್ಟಿಗೆ ತರಿಸಿ ನಾನು ಮೋಸಹೋದ ಬಗೆಯನ್ನು, ಇದೇ ಯೋಚನೆಯಲ್ಲಿರುವವರಿಗೆ ತಿಳಿದಿರಲೆಂದು ಬರೆಯುತ್ತಿದ್ದೇನೆ.

ಆಯ್ಕೆಯಲ್ಲಿ ನಾನು ಅವಸರ ಮಾಡಿರಲಿಲ್ಲ. ಮೂರು ಶನಿವಾರ ನಾಲ್ಕು ಮಳಿಗೆ ಸುತ್ತಿ, ಎಲ್ಲ ಕಡೆಯೂ ಕೊಕ್ಕೊ ಅಂಶ ಶೇ. 70 ಇರುವ ಕಪ್ಪು ಚಾಕೊಲೇಟನ್ನೇ ಕೇಳಿ ತಿಂದು, ಪುಸ್ತಕದಲ್ಲಿ ಅಂಕ ಬರೆದುಕೊಂಡಿದ್ದೆ. ಒಂದರಲ್ಲಿ ಹುಳಿ ಹೆಚ್ಚು, ಇನ್ನೊಂದು ಸಪ್ಪೆ. ಮೂರನೆಯದಕ್ಕೆ ಹೊಗೆಯ ವಾಸನೆಯಿತ್ತು. ಮಳೆಗಾಲದಲ್ಲಿ ಬಿಸಿಲಿಲ್ಲದೆ ಬೀಜವನ್ನು ಒಲೆಯ ಕಾವಿನಲ್ಲಿ ಒಣಗಿಸಿದ್ದರಿಂದ ಹಾಗಾಗಿದೆ ಎಂದು ಅಲ್ಲಿದ್ದ ಹೆಂಗಸು ತಾವಾಗಿಯೇ ಹೇಳಿದರು, ನಾನು ಎರಡು ಅಂಕ ಕಳೆದೆ. ನಾಲ್ಕನೆಯದು ಹದವಾಗಿತ್ತು. ಬೀಜ ಪುತ್ತೂರು ಕಡೆಯ ಅಡಿಕೆ ತೋಟಗಳದ್ದು ಎಂದರು. ನಮ್ಮೂರೂ ಅದೇ ಆದ್ದರಿಂದ ಮನಸ್ಸು ಅತ್ತಲೇ ವಾಲಿತು. ಗಾಜಿನಾಚೆ ಕಲ್ಲಿನ ಗ್ರೈಂಡರ್ ತಿರುಗುತ್ತಿತ್ತು. ಆದರೆ ಕೊಕ್ಕೊ ಹುರಿಯುವಲ್ಲಿ, ಅರೆಯುವಲ್ಲಿ ಮೂಗಿಗೆ ಅಡರುವ ವಿನೆಗರ್‌ನಂಥ ಹುಳಿ ಘಾಟು ಅಲ್ಲಿರಲಿಲ್ಲ, ಬರೀ ವೆನಿಲ್ಲಾದ ಪರಿಮಳವಿತ್ತು ಎಂಬುದು, ಅಂಗಳದಲ್ಲಿ ಹಸಿಬೀಜ ಹುದುಗಿಸುವುದನ್ನು ಕಂಡು ಬೆಳೆದ ನನಗೂ ಆಗ ಹೊಳೆಯಲಿಲ್ಲ.

ಪೆಟ್ಟಿಗೆಗೆ 240 ರೂಪಾಯಿಯಂತೆ ಒಟ್ಟು 28,800. ಅರ್ಧ ಮುಂಗಡ ಕೊಟ್ಟೆ, ಉಳಿದದ್ದನ್ನು ಸರಕು ಹೊರಡುವ ಮುನ್ನವೇ ಫೋನ್‌ಪೇ ಮಾಡಿದೆ. ಸಮಾರಂಭದ ಹಿಂದಿನ ಸಂಜೆ ಪೆಟ್ಟಿಗೆಗಳು ಬಂದವು. ಊರಿನಿಂದ ಬಂದಿದ್ದ ಅಪ್ಪ ಒಂದನ್ನು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ಕರಗುವುದೇ ಇಲ್ಲ ಮಾರಾಯ, ಮೇಣ ಅಗಿದ ಹಾಗೆ ಆಗ್ತದೆ" ಎಂದರು. ಪೆಟ್ಟಿಗೆ ಮಗುಚಿ, ಮೊಬೈಲಿನಲ್ಲಿ ಫೋಟೊ ತೆಗೆದು ಹಿಗ್ಗಿಸಿದಾಗ ಮಾತ್ರ ಅಕ್ಷರಗಳು ಕಂಡವು: ಸಕ್ಕರೆ, ಹೈಡ್ರೋಜನೀಕರಿಸಿದ ಸಸ್ಯಜನ್ಯ ಕೊಬ್ಬು, ಕೊಕ್ಕೊ ಪುಡಿ. ಪ್ರಮಾಣದಲ್ಲಿ ಹೆಚ್ಚಿರುವುದನ್ನು ಮೊದಲು ಬರೆಯಬೇಕೆಂಬುದು ನಿಯಮವಾದ್ದರಿಂದ, ಕೊಕ್ಕೊಗೆ ಇಲ್ಲಿ ಸಿಕ್ಕಿದ್ದು ಮೂರನೆಯ ಸ್ಥಾನ. ಕೊಕ್ಕೊ ಬೀಜದ ಸ್ವಂತ ಕೊಬ್ಬಾದ ಕೊಕ್ಕೊ ಬೆಣ್ಣೆಯ ಹೆಸರೇ ಇರಲಿಲ್ಲ.

ಅಪ್ಪನ ನಾಲಿಗೆ ಹೇಳಿದ್ದು ಇದನ್ನೇ. ಕೊಕ್ಕೊ ಬೆಣ್ಣೆ ಸುಮಾರು 34 ಡಿಗ್ರಿಯಲ್ಲಿ, ಅಂದರೆ ಮೈಯ ಕಾವಿಗಿಂತ ತುಸು ಕೆಳಗೇ, ಕರಗಿಬಿಡುತ್ತದೆ. ಅದರ ಬದಲು ಹಾಕುವ ಅಗ್ಗದ ಗಟ್ಟಿ ಕೊಬ್ಬು ಬಾಯಿಯ ಅಂಗುಳಕ್ಕೆ ಪದರವಾಗಿ ಅಂಟಿಕೊಳ್ಳುತ್ತದೆ. ಚಾಕೊಲೇಟ್ ಎಂದು ಮಾರುವುದರಲ್ಲಿ ಬೇರೆ ಸಸ್ಯಜನ್ಯ ಕೊಬ್ಬು ಶೇ. 5ನ್ನು ಮೀರುವಂತಿಲ್ಲ ಎಂದು ನಮ್ಮ ಆಹಾರ ಸುರಕ್ಷತಾ ನಿಯಮವಿದೆ. ಅದಕ್ಕಿಂತ ಹೆಚ್ಚಿರುವುದು ಪೇಟೆಯಲ್ಲಿ ಕಾಂಪೌಂಡ್ ಎಂದು ಗಟ್ಟಿಗಳ ರೂಪದಲ್ಲಿ ಸಿಗುತ್ತದೆ, ಕರಗಿಸಿ ಅಚ್ಚಿಗೆ ಹೊಯ್ದರೆ ಆಯಿತು. ಕೊಕ್ಕೊ ಧಾರಣೆ 2024ರಲ್ಲಿ ಟನ್ನಿಗೆ 10,000 ಡಾಲರ್ ದಾಟಿದ ಮೇಲೆ ಈ ಆಸೆ ಹೆಚ್ಚಿದ್ದರೆ ಆಶ್ಚರ್ಯವಿಲ್ಲ. ಕಾಂಪೌಂಡ್ ಮಾರುವುದು ತಪ್ಪಲ್ಲ. ಅಸಲಿ ತುಣುಕನ್ನು ತಿನ್ನಿಸಿ, ಅದೇ ಬೆಲೆಗೆ ಕಾಂಪೌಂಡ್ ಕಳುಹಿಸಿದ್ದು ತಪ್ಪು.

ಫೋನ್ ಮಾಡಿದಾಗ ಮಾಲೀಕರು ದನಿ ಏರಿಸಲಿಲ್ಲ. "ಸರ್, ನೀವು ಸವಿದದ್ದು ಬಾರ್, ತೆಗೆದುಕೊಂಡದ್ದು ಗಿಫ್ಟ್ ಬಾಕ್ಸ್, ಲೇಬಲ್ಲಿನಲ್ಲಿ ಎಲ್ಲವನ್ನೂ ಬರೆದಿದ್ದೇವಲ್ಲ" ಎಂದರು. ಬಿಲ್ಲು ತೆಗೆದು ನೋಡಿದರೆ ಅಲ್ಲಿಯೂ 'ಗಿಫ್ಟ್ ಬಾಕ್ಸ್ – 120' ಎಂದಷ್ಟೇ ಇತ್ತು, ಚಾಕೊಲೇಟ್ ಎಂಬ ಪದವೇ ಇರಲಿಲ್ಲ. ನಾನು ಸಿಕ್ಕಿಬಿದ್ದದ್ದು ಅಲ್ಲಿ. ಆದ್ದರಿಂದ ಮುಂಗಡ ಕೊಡುವ ಮುನ್ನ, ನಿಮಗೆ ಬರಲಿರುವ ಅದೇ ಪೆಟ್ಟಿಗೆಯೊಂದನ್ನು ದುಡ್ಡು ಕೊಟ್ಟಾದರೂ ಒಯ್ದು, ಹಿಂಬದಿ ಓದಿ, 'ಕೊಕ್ಕೊ ಬೆಣ್ಣೆಯ ಚಾಕೊಲೇಟ್, ಶೇ. 70' ಎಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಬರೆಯಲು ಹಿಂಜರಿದರೆ ಹೊರಟುಬಿಡಿ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ಹಣ ಇನ್ನೂ ಬಂದಿಲ್ಲ. ನಿಶ್ಚಿತಾರ್ಥದ ಬೆಳಿಗ್ಗೆ, ನಾನು ಎರಡು ಅಂಕ ಕಳೆದಿದ್ದ ಆ ಹೆಂಗಸಿನ ಮಳಿಗೆಯ ಬಾಗಿಲು ತೆರೆಯುವುದನ್ನೇ ಕಾದು ನಿಂತಿದ್ದೆ. ಅವರಲ್ಲಿದ್ದದ್ದು 40 ಬಾರ್ ಮಾತ್ರ, ಅಷ್ಟನ್ನೂ ತಂದೆ.